ಬೂದು ಬಣ್ಣ ಕೇಳಿದ ಅಕ್ಕ

ನಾನು ಬರೆದ ಪ್ರೋಗ್ರಾಮನ್ನು ಅವರು ಮೊದಲ ಸಲ ಕೆಡವಿದ್ದು ಚಹಾ ಆರುವುದರೊಳಗೆ. ಹತ್ತೂವರೆಗೆ ಆಫೀಸಿನ ಚಹಾ ಬಂದಿತ್ತು. ಅವರು ಗ್ಲಾಸನ್ನು ಪಕ್ಕಕ್ಕಿಟ್ಟು, ಅದರ ಮೇಲೊಂದು ಪುಟ್ಟ ತಟ್ಟೆ ಮುಚ್ಚಿ, ಕೀಬೋರ್ಡನ್ನು ಹತ್ತಿರ ಎಳೆದುಕೊಂಡರು. ಏನೋ ಟೈಪು ಮಾಡಿದರು. ನಾಲ್ಕು ತಿಂಗಳು ಕೂತು ನಾನು ಬರೆದ ಪ್ರೋಗ್ರಾಮು ಒಂದು ಸಲ ಮಿಣುಕಿ ಸತ್ತುಹೋಯಿತು. ಅವರು ತಟ್ಟೆ ತೆಗೆದು ಒಂದು ಗುಟುಕು ಕುಡಿದು, "ಇನ್ನೂ ಬಿಸಿ ಐತಿ" ಎಂದರು. ಚಹಾದ ಬಗ್ಗೆ.

ಹೋದ ತಿಂಗಳು ಅವರು ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ನನಗೂ ಮಾತಾಡಲು ಹೇಳಿದ್ದರು. ಹಿಂದಿಯಲ್ಲಿ ಶುರು ಮಾಡಿ, ಇಂಗ್ಲಿಷಿಗೆ ಜಾರಿ, ಕೊನೆಗೆ "ಬಹಳ ಒಳ್ಳೆಯವರು" ಎಂದು ಕನ್ನಡದಲ್ಲಿ ಮುಗಿಸಿ ಕೂತೆ. ಮಾತಾಡಿದ್ದು ಎರಡು ನಿಮಿಷವಾದರೂ ಹೇಳಬೇಕಾದ್ದು ಒಂದೂ ಬರಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ. ಅವರ ಹೆಸರು ಬರೆಯುವುದಿಲ್ಲ. ಅವರೂ ತಮ್ಮ ವರದಿಗಳಲ್ಲಿ ಯಾರ ಹೆಸರನ್ನೂ ಬರೆದವರಲ್ಲ.

ನಮ್ಮ ಆಫೀಸು ಸಯನ್ನಿನ ಒಂದು ಹಳೆ ಇಂಡಸ್ಟ್ರಿಯಲ್ ಎಸ್ಟೇಟಿನ ಮೂರನೇ ಮಾಳಿಗೆಯಲ್ಲಿದೆ. ಗೋದಾಮು, ಕಾರ್ಖಾನೆಗಳಲ್ಲಿ ಗ್ಯಾಸ್ ಸೋರಿದರೆ ಎಚ್ಚರಿಸುವ ಯಂತ್ರಗಳನ್ನು ನಾವು ಮಾಡುತ್ತೇವೆ. ಗೋಡೆಗಳ ಮೇಲೆ ಅಲ್ಲಲ್ಲಿ ಸೆನ್ಸರ್ ಎಂಬ ಪುಟ್ಟ ಡಬ್ಬಿಗಳು ಇರುತ್ತವೆ. ಅವು ಗಾಳಿಯನ್ನು ಮೂಸಿ ನೋಡಿ, ಸುದ್ದಿಯನ್ನು ತಂತಿಯ ಮೂಲಕ ಕಂಟ್ರೋಲ್ ರೂಮಿನ ಪ್ಯಾನೆಲ್ಲಿಗೆ ಕಳಿಸುತ್ತವೆ. ಪ್ಯಾನೆಲ್ಲಿನ ಪರದೆಯ ಮೇಲೆ ಒಂದೊಂದು ಸೆನ್ಸರಿಗೆ ಒಂದೊಂದು ಚೌಕ. ಹಸಿರಿದ್ದರೆ ಕ್ಷೇಮ, ಕೆಂಪಾದರೆ ಓಡು. ಡಬ್ಬಿಗೂ ಪ್ಯಾನೆಲ್ಲಿಗೂ ನಡೆಯುವ ಮಾತುಕತೆಗೆ ಒಂದು ಕಟ್ಟಳೆ ಇದೆ. ಯಾರು ಮೊದಲು ಮಾತಾಡಬೇಕು, ಹೇಗೆ ಗುರುತು ಹೇಳಬೇಕು, ಹೇಗೆ ಮುಗಿಸಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. ಅದಕ್ಕೆ ಪ್ರೊಟೊಕಾಲ್ ಎನ್ನುತ್ತೇವೆ. ಅದನ್ನು ಬರೆಯುವುದು ನನ್ನ ಕೆಲಸ, ಮುರಿದು ನೋಡುವುದು ಅವರ ಕೆಲಸ.

ಅವರು ಇಂಜಿನಿಯರ್ ಅಲ್ಲ. ಗದಗಿನಿಂದ ಮದುವೆಯಾಗಿ ಚೆಂಬೂರಿಗೆ ಬಂದವರು. ನಮ್ಮ ಕಂಪನಿ ಬರೀ ಇಂಟರ್‌ಕಾಮ್ ಮಾರುತ್ತಿದ್ದ ಕಾಲದಲ್ಲಿ ಟೆಲಿಫೋನ್ ಆಪರೇಟರ್ ಆಗಿ ಸೇರಿದರು. ಮೊಬೈಲು ಬಂದು ಸ್ವಿಚ್‌ಬೋರ್ಡು ಮೂಲೆಗೆ ಬಿದ್ದಾಗ ಅವರನ್ನು ಎಲ್ಲಿ ಕೂರಿಸುವುದೆಂದು ಯಾರಿಗೂ ಹೊಳೆಯಲಿಲ್ಲವಂತೆ. ನಮ್ಮ ಸಾಹೇಬರು, ಅಂದರೆ ಮಾಲೀಕರು, ಹೊಸ ಯಂತ್ರದ ಹತ್ತಿರ ಕೂರಿಸಿ, ಗುಂಡಿ ಒತ್ತಿ ನೋಡಿ, ಸರಿಯಿದ್ದರೆ ಟಿಕ್ ಹಾಕಿ ಎಂದರು. ಒಂದು ವಾರದಲ್ಲಿ ಹಾಳೆಯ ಮೇಲೆ ಒಂದೂ ಟಿಕ್ ಇರಲಿಲ್ಲ. ಅವತ್ತಿನಿಂದ ಅವರು ಟೆಸ್ಟಿಂಗ್ ವಿಭಾಗ. ವಿಭಾಗ ಅಂದರೆ ಅವರು, ಒಂದು ಮೇಜು, ಮೇಜಿನ ತುಂಬ ತಂತಿ.

ಮರಾಠಿಯವರೆಲ್ಲ ಅವರನ್ನು ತಾಯಿ ಎನ್ನುತ್ತಿದ್ದರು. ಮರಾಠಿಯಲ್ಲಿ ಹಾಗಂದರೆ ಅಕ್ಕ. ನಾನೂ ಕೇಳಿ ಕೇಳಿ ಹಾಗೇ ಕರೆಯುತ್ತಿದ್ದೆ. ಒಂದು ದಿನ ಮನೆಯಲ್ಲಿ ಊಟಕ್ಕೆ ಕೂತು, ಇವತ್ತು ತಾಯಿ ನನ್ನ ಮೂರು ತಪ್ಪು ಹಿಡಿದರು ಎಂದೆ. ಉಡುಪಿ ಕಡೆಯ ನನ್ನಮ್ಮ ಬಡಿಸುತ್ತಿದ್ದ ಸೌಟನ್ನು ಹಿಡಿದುಕೊಂಡೇ, ನಾನು ಯಾವಾಗ ಹಿಡಿದೆ ಎಂದು ಕೇಳಿದರು. ಮರುದಿನದಿಂದ ಅವರು ನನಗೆ ಅಕ್ಕ ಆದರು. ನಾನು ಅವರಿಗೆ ಶುರುವಿನಲ್ಲಿ 'ನೀವು', ಚಹಾ ಆರುವುದರೊಳಗೆ ಪ್ರೋಗ್ರಾಮು ಬಿದ್ದ ದಿನದಿಂದ 'ತಮ್ಮ'.

ಆ ದಿನ ಏನು ಮಾಡಿದಿರಿ ಎಂದು ಕೇಳಿದ್ದಕ್ಕೆ, ಏನೂ ಇಲ್ಲ, ಹಲೋ ಅಂದು ಸುಮ್ಮನಾದೆ ಎಂದರು. ಆಪರೇಟರ್ ಆಗಿದ್ದಾಗ ಅವರಿಗೆ ಅತ್ಯಂತ ತೊಂದರೆ ಕೊಟ್ಟವರು ಬೈಯುವವರಲ್ಲವಂತೆ. ಹಲೋ ಎಂದು ಮುಂದೆ ಮಾತೇ ಆಡದವರಂತೆ. ಇಡುವುದೂ ಇಲ್ಲ, ಮಾತಾಡುವುದೂ ಇಲ್ಲ. ಇವರು ಹಲೋ ಹಲೋ ಎನ್ನುತ್ತ ಕಾಯಬೇಕು, ಒಂದು ಲೈನು ಅಷ್ಟು ಹೊತ್ತು ಬಂದ್. ಅಂಥವರು ಐದು ಜನ ಒಟ್ಟಿಗೆ ಬಂದರೆ ಇಡೀ ಬೋರ್ಡೇ ಬಂದ್. ನನ್ನ ಪ್ಯಾನೆಲ್ಲಿಗೂ ಅವರು ಅದನ್ನೇ ಮಾಡಿದ್ದರು. ಇನ್ನೂರು ಸಲ ಹಲೋ ಅಂದು ಸುಮ್ಮನೆ ಕೂತರು. ಪ್ಯಾನೆಲ್ಲು ಇನ್ನೂರು ಜನರ ಮುಂದಿನ ಮಾತಿಗಾಗಿ ವಿನಯದಿಂದ ಕಾಯುತ್ತ ಕಾಯುತ್ತ ಉಸಿರುಗಟ್ಟಿತು.

"ಬರೇ ಶಾಣ್ಯಾರ ಫೋನ್ ಮಾಡ್ತಾರ ಅಂತ ತಿಳಕೊಂಡು ಬರದೀ ನೀನು" ಎಂದರು.

ಈ ವಿದ್ಯೆಗೆ ದೊಡ್ಡ ದೊಡ್ಡ ಹೆಸರುಗಳಿವೆ. ನಾನು ಕಾಲೇಜಿನಲ್ಲಿ ಓದಿ ಪಾಸೂ ಆಗಿದ್ದೆ. ಅವರಿಗೆ ಹೆಸರು ಗೊತ್ತಿರಲಿಲ್ಲ, ಮನುಷ್ಯರು ಗೊತ್ತಿದ್ದರು. ನಾವು ಹಲೋ ಅನ್ನುವ ಮೊದಲೇ ಶುರು ಮಾಡುವವರು, ಒಂದೇ ಮಾತನ್ನು ನಾಲ್ಕು ಸಲ ಹೇಳುವವರು, ನಡುವೆ ಎದ್ದು ಹೋಗುವವರು, ಒಬ್ಬರ ಲೈನಿನಲ್ಲಿ ಇನ್ನೊಬ್ಬರು ಬಾಯಿ ಹಾಕುವವರು, ಹೀಗೆ ಒಬ್ಬೊಬ್ಬರನ್ನೂ ನೆನಪಿಸಿಕೊಂಡು ಆ ಥರದ ಸಂದೇಶವನ್ನೇ ಪ್ಯಾನೆಲ್ಲಿಗೆ ಕಳಿಸುತ್ತಿದ್ದರು. ಸುಳ್ಳು ಹೆಸರು ಹೇಳುವವರಿಗಂತೂ ಒಂದು ಪೂರ್ತಿ ದಿನ ಮೀಸಲು. ಒಮ್ಮೆ ತಮ್ಮ ಲ್ಯಾಪ್‌ಟಾಪಿನಿಂದಲೇ, ನಾನು ಐದನೇ ನಂಬರಿನ ಸೆನ್ಸರು, ಇಲ್ಲಿ ಎಲ್ಲ ಕ್ಷೇಮ ಎಂದು ಸುದ್ದಿ ಕಳಿಸಿದರು. ಪ್ಯಾನೆಲ್ಲು ನಂಬಿತು. ಐದನೇ ಸೆನ್ಸರು ಮೇಜಿನ ಡ್ರಾಯರಿನಲ್ಲಿ ಬಿದ್ದಿತ್ತು. ಫೋನಿನಲ್ಲಿ ಸಾಹೇಬ ಅಂದವರೆಲ್ಲ ಸಾಹೇಬರೇನು ಎಂದು ಕೇಳಿದರು. ಪ್ರತಿಯೊಂದು ಸಂದೇಶಕ್ಕೂ ಗುಟ್ಟಿನ ಸಹಿ ಇರಬೇಕೆಂಬ ನಿಯಮ ನಮ್ಮಲ್ಲಿ ಬಂದದ್ದು ಹಾಗೆ.

ಅವರ ವರದಿ ಮೂರೇ ಸಾಲು. ನಾನು ಮಾಡಿದ್ದು ಇದು, ಆದದ್ದು ಇದು, ಆಗಬೇಕಾಗಿದ್ದು ಇದು. ಕೆಟ್ಟದಾಗಿದೆ, ಅಜಾಗರೂಕತೆ ಎಂಬ ಪದಗಳು ಅವರ ಇಂಗ್ಲಿಷಿನಲ್ಲಿ ಇರಲೇ ಇಲ್ಲ. ಮೀಟಿಂಗಿನಲ್ಲಿ ಏನಾದರೂ ಕೇಳಿದರೆ ನಾವೆಲ್ಲ ಗಂಟಲು ಸರಿಮಾಡಿಕೊಂಡು ಸುತ್ತಿ ಬಳಸಿ ಉತ್ತರ ಹುಡುಕುತ್ತಿದ್ದೆವು. ಅವರು ಮಾತ್ರ ನಿರಾಳವಾಗಿ, ಗೊತ್ತಿಲ್ಲ, ನೋಡಿ ಹೇಳುತ್ತೇನೆ ಎನ್ನುತ್ತಿದ್ದರು. ಆಮೇಲೆ ನಿಜವಾಗಿಯೂ ನೋಡಿ ಹೇಳುತ್ತಿದ್ದರು.

ಕೆಲಸದ ಚಟ ಹೊರಗೂ ಬಿಡುತ್ತಿರಲಿಲ್ಲ. ಒಂದು ಶನಿವಾರ ಅರ್ಧ ದಿನ ಮುಗಿಸಿ ನಾವಿಬ್ಬರೂ ಮಾಟುಂಗದಲ್ಲಿ ಒಂದು ಹೋಟೆಲಿಗೆ ಹೋಗಿದ್ದೆವು. ಅಲ್ಲಿ ಆಗಷ್ಟೇ ಫೋನಿನಲ್ಲೇ ಆರ್ಡರು ಮಾಡುವ ಪದ್ಧತಿ ಬಂದಿತ್ತು. ಅಕ್ಕ ಕನ್ನಡಕ ಏರಿಸಿಕೊಂಡು ಸೊನ್ನೆ ಇಡ್ಲಿ, ಮೂರು ಸಾಂಬಾರು ಎಂದು ಒತ್ತಿದರು. ಆರ್ಡರು ಹೋಯಿತು. ಐದು ನಿಮಿಷದ ನಂತರ ವೇಟರು ಮೂರು ಬಟ್ಟಲು ಸಾಂಬಾರು ತಂದಿಟ್ಟು, ಇಡ್ಲಿ ಹಿಂದಿನಿಂದ ಬರುತ್ತದೆಯೇ ಎಂದು ನಮ್ಮನ್ನೇ ಕೇಳಿದ. ಅಕ್ಕ ಗಲ್ಲಾದ ಹತ್ತಿರ ಹೋಗಿ ಮ್ಯಾನೇಜರಿಗೆ ಮೂರು ಸಾಲಿನ ವರದಿ ಒಪ್ಪಿಸಿದರು. ಮಾಡಿದ್ದು ಇದು, ಆದದ್ದು ಇದು, ಆಗಬೇಕಾಗಿದ್ದು ಇದು. ಮ್ಯಾನೇಜರು ಕಣ್ಣು ಪಿಳುಕಿಸುತ್ತ ಕೇಳಿ, ಕೊನೆಗೆ ಇಡ್ಲಿ ಬೇಕೋ ಬೇಡವೋ ಅಮ್ಮಾ ಎಂದರು. ಬೇಕು ಎಂದರು ಅಕ್ಕ. ಸಾಂಬಾರು ಚೆನ್ನಾಗಿತ್ತು.

ಮನೆಯಲ್ಲೂ ಹೀಗೇನಾ ಎಂದು ಕೇಳಿದ್ದೆ. ಅವರ ಯಜಮಾನರು ಚೆಂಬೂರಿನ ಒಂದು ಕಾರ್ಖಾನೆಯಲ್ಲಿ ಫಿಟರ್ ಆಗಿದ್ದವರು, ಮಾತು ಕಡಿಮೆ. "ಮನ್ಯಾಗ ಟೆಸ್ಟಿಂಗ್ ಬ್ಯಾಡ ತಮ್ಮಾ. ಅವ್ರು ಫೇಲ್ ಆದ್ರ ಬದಲಿ ಎಲ್ಲಿಂದ ತರಲಿ" ಎಂದು ನಕ್ಕರು.

ಇಷ್ಟಾಗಿಯೂ ಒಂದು ಸಲ ನಾನು ಅವರಿಗೆ ಅನ್ಯಾಯ ಮಾಡಿದೆ. ಅದನ್ನೂ ಬರೆಯಬೇಕು.

ಚೆಂಬೂರಿನಾಚೆ ಒಂದು ದೊಡ್ಡ ಕೋಲ್ಡ್ ಸ್ಟೋರೇಜು. ಮೀನು, ಬಟಾಣಿ, ಐಸ್‌ಕ್ರೀಮು ಎಲ್ಲವನ್ನೂ ತಣ್ಣಗಿಡುವ ಜಾಗ. ಹಾಗೆ ತಣ್ಣಗಿಡಲು ಅಲ್ಲಿ ಪೈಪುಗಳಲ್ಲಿ ಅಮೋನಿಯಾ ಓಡುತ್ತಿರುತ್ತದೆ. ಸ್ವಲ್ಪ ಸೋರಿದರೆ ಕಣ್ಣಲ್ಲಿ ನೀರು, ಹೆಚ್ಚು ಸೋರಿದರೆ ಜೀವಕ್ಕೇ ಅಪಾಯ. ಅಲ್ಲಿಗೆ ಎಂಬತ್ತು ಸೆನ್ಸರುಗಳ ಕೆಲಸ ನಮಗೆ ಸಿಕ್ಕಿತ್ತು. ನಾವು ಅಷ್ಟು ದೊಡ್ಡದನ್ನು ಹಿಂದೆ ಮಾಡಿರಲಿಲ್ಲ. ಸಾಹೇಬರು ಒಪ್ಪಿಸುವ ದಿನವನ್ನೂ ಮಾತು ಕೊಟ್ಟುಬಿಟ್ಟಿದ್ದರು.

ಅದಕ್ಕೆ ಎರಡು ವಾರ ಮುಂಚೆ ಅಕ್ಕ ಒಂದು ವರದಿ ಬರೆದರು. ಕರೆಂಟು ಹೋಗಿ ಬಂದಾಗ ಎಲ್ಲ ಸೆನ್ಸರುಗಳೂ ಒಟ್ಟಿಗೆ ಎದ್ದು ಒಟ್ಟಿಗೆ ಹಲೋ ಅನ್ನುತ್ತವೆ. ಹಾಗೊಮ್ಮೆ ಆದಾಗ, ಮೇಜಿನ ಮೇಲಿದ್ದ ಹನ್ನೆರಡರಲ್ಲಿ ಒಂದರ ಚೌಕ ಹಸಿರಾಗಿತ್ತು, ಆದರೆ ಅಮೋನಿಯಾ ಹಾಕಿದ ಬಟ್ಟೆ ಹಿಡಿದರೂ ಅದು ಕೆಂಪಾಗಲಿಲ್ಲ. ಮತ್ತೆ ನಲವತ್ತು ಸಲ ಮಾಡಿ ನೋಡಿದೆ, ಮತ್ತೆ ಹಾಗಾಗಲಿಲ್ಲ ಎಂದೂ ಅವರೇ ಪ್ರಾಮಾಣಿಕವಾಗಿ ಬರೆದಿದ್ದರು.

ನಾನು ಹತ್ತು ಸಲ ನೋಡಿದೆ. ಕಾಣಲಿಲ್ಲ. 'ಮತ್ತೆ ಕಾಣಿಸಲಿಲ್ಲ' ಎಂದು ಬರೆದು ವರದಿ ಮುಚ್ಚಿದೆ. ಅವರು ತೆರೆದರು. ನಾನು ಮುಚ್ಚಿದೆ. ಅವರು ಮತ್ತೆ ತೆರೆದರು, ನಾನು ಮತ್ತೆ ಮುಚ್ಚಿದೆ. ಮೂರನೇ ಸಲ ಅವರು ಎದ್ದು ನನ್ನ ಮೇಜಿಗೆ ಬಂದರು. ಧ್ವನಿ ಏರಿಸಲಿಲ್ಲ.

"ನಾ ಕಂಡಿದ್ದು ಖರೇ ಅಲ್ಲಂತೀಯೇನ ತಮ್ಮಾ?"

ಹಾಗಲ್ಲ ಅಕ್ಕ, ಬಹುಶಃ ಆ ಡಬ್ಬಿಯ ತಂತಿ ಸಡಿಲ ಇದ್ದಿರಬೇಕು, ನೀವು ಗಮನಿಸಿರಲಿಕ್ಕಿಲ್ಲ ಎಂದೆ. ಗಮನಿಸಿರಲಿಕ್ಕಿಲ್ಲ ಎಂಬ ಮಾತನ್ನು ಅವರಿಗೆ ಹೇಳಿದೆ, ಇಪ್ಪತ್ತು ವರ್ಷ ಗಮನಿಸುವುದೊಂದನ್ನೇ ಮಾಡಿದವರಿಗೆ. ಅವರು ನನ್ನ ಮುಖ ನೋಡಿ, ತಲೆಯಾಡಿಸಿ, ತಮ್ಮ ಜಾಗಕ್ಕೆ ಹೋದರು. ಅವತ್ತು ಮಧ್ಯಾಹ್ನ ಊಟಕ್ಕೆ ನನ್ನನ್ನು ಕರೆಯಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಮನಸ್ಸಿನ ಮೂಲೆಯಲ್ಲಿ ಅನುಮಾನವಿತ್ತು. ಆದರೆ ದಿನ ಹತ್ತಿರ ಬಂದಿತ್ತು, ನನ್ನ ಪ್ರೊಟೊಕಾಲಿನ ಮೇಲೆ ನನಗೆ ಪ್ರೀತಿಯೂ ಇತ್ತು.

ಒಪ್ಪಿಸುವ ದಿನ ನಾವು ಮೂವರೂ ಹೋದೆವು. ಸಾಹೇಬರು, ನಾನು, ಅಕ್ಕ. ಅಲ್ಲಿನ ಸುರಕ್ಷತಾ ಅಧಿಕಾರಿ ಮರಾಠಿಯವರು, ತಲೆಯ ಹಳದಿ ಟೊಪ್ಪಿಗೆಯನ್ನು ಕೂತಾಗಲೂ ತೆಗೆಯದ ಮನುಷ್ಯ. ನಾನು ಒಂದು ಪಟ್ಟಿ ಒಯ್ದಿದ್ದೆ. ಅದರಲ್ಲಿದ್ದವೆಲ್ಲ ಪಾಸಾಗುವ ಪರೀಕ್ಷೆಗಳು. ಒಂದೊಂದೇ ಪಾಸಾದವು. ಅಧಿಕಾರಿ ಸಹಿ ಹಾಕಲು ಪೆನ್ನು ತೆಗೆದರು.

ಆಗ ಅಕ್ಕ ಅವರನ್ನು ಮರಾಠಿಯಲ್ಲಿ, ಇಲ್ಲಿ ಕರೆಂಟು ಹೋಗುತ್ತದೆಯೇ ಎಂದು ಕೇಳಿದರು. ಮಳೆಗಾಲದಲ್ಲಿ ಕೇಳಲೇಬೇಡಿ ಎಂದು ಅವರು ನಕ್ಕರು. ಹಾಗಾದರೆ ನಮ್ಮ ಯಂತ್ರದ ಮೇನ್ ಸ್ವಿಚ್ ಒಮ್ಮೆ ತೆಗೆದು ಹಾಕಿಸೋಣವೇ ಎಂದರು ಅಕ್ಕ. ಸಾಹೇಬರು ನನ್ನನ್ನು ನೋಡಿದರು. ನಾನು ನೆಲ ನೋಡಿದೆ.

ಸ್ವಿಚ್ ತೆಗೆದು ಹಾಕಿದರು. ಎಂಬತ್ತೂ ಚೌಕಗಳು ಹಸಿರಾದವು. ಅಧಿಕಾರಿ ಮತ್ತು ಅಕ್ಕ ಅಮೋನಿಯಾದ ಪುಟ್ಟ ಸೀಸೆ, ಬಟ್ಟೆ ಹಿಡಿದು ಒಂದೊಂದೇ ಸೆನ್ಸರಿನ ಬಳಿ ಹೋದರು. ನಾನು ಕಂಟ್ರೋಲ್ ರೂಮಿನಲ್ಲಿ ವಾಕಿಟಾಕಿ ಹಿಡಿದು ಕೂತೆ. ಅವರು ನಂಬರು ಹೇಳುವುದು, ಚೌಕ ಕೆಂಪಾಗುವುದು, ನಾನು ಕೆಂಪು ಎನ್ನುವುದು. ಎಂಬತ್ತೂ ಸರಿಯಾದವು. ಸಾಹೇಬರ ಮುಖ ಅರಳಿತು. ಇನ್ನೊಂದು ಸಲ ಎಂದರು ಅಕ್ಕ. ಮತ್ತೆ ಎಂಬತ್ತು, ಮತ್ತೆ ಸರಿ. ಅಕ್ಕನ ಸೀರೆಯ ಅಂಚು ಹಸಿ ನೆಲದಲ್ಲಿ ಒದ್ದೆಯಾಗಿತ್ತು. ಸಾಹೇಬರು ಹಿಂದಿಯಲ್ಲಿ ಮೆಲ್ಲಗೆ, ಸಾಕು ಮಾಡಿ ಎಂದರು. ಅಧಿಕಾರಿ ಮಾತ್ರ ಅಕ್ಕನ ಮುಖವನ್ನೇ ನೋಡುತ್ತ, ಇನ್ನೊಂದು ಸಲ ಆಗಲಿ ಎಂದರು. ತಮ್ಮ ಕೆಲಸದಲ್ಲಿ ಇಂಥ ಮುಖವನ್ನು ಅವರು ಹಿಂದೆಯೂ ಕಂಡಿರಬೇಕು.

ಮೂರನೇ ಸುತ್ತು. ಐವತ್ತಮೂರರ ತನಕ ಎಲ್ಲ ಸರಿ. ಐವತ್ತನಾಲ್ಕು ಕಂಪ್ರೆಸರ್ ಕೋಣೆಯ ಹಿಂದಿನ ಗೋಡೆಯದು. ವಾಕಿಟಾಕಿಯಲ್ಲಿ ಅಧಿಕಾರಿಯ ಧ್ವನಿ ಬಂತು. ಬಟ್ಟೆ ಹಿಡಿದಿದ್ದೇನೆ, ಏನು ತೋರಿಸುತ್ತಿದೆ?

ನಾನು ಪರದೆ ನೋಡಿದೆ. ಒಂದು ಕ್ಷಣ ಕಾದೆ. ಇನ್ನೊಂದು ಕ್ಷಣ ಕಾದೆ.

"ಹಸಿರು" ಎಂದೆ.

ಅವರು ಕೆಮ್ಮುತ್ತ ಮತ್ತೊಮ್ಮೆ ಕೇಳಿದರು. ಅಲ್ಲಿ ಅವರ ಕಣ್ಣಲ್ಲಿ ನೀರು ಇಳಿಯುತ್ತಿದೆ ಎಂದು ಧ್ವನಿಯಲ್ಲೇ ಗೊತ್ತಾಗುತ್ತಿತ್ತು. ನನ್ನ ಮುಂದೆ ನಾನೇ ಆರಿಸಿದ ಚಂದದ ಹಸಿರು. ಮತ್ತೆ ಅದೇ ಮಾತನ್ನು ಹೇಳಬೇಕಾಯಿತು. ನನ್ನ ವೃತ್ತಿಯಲ್ಲಿ ನಾನು ಆಡಿದ ಅತ್ಯಂತ ಕಷ್ಟದ ಮಾತು ಆ ಮೂರಕ್ಷರ.

ಸಹಿ ಆಗಲಿಲ್ಲ. ಅಧಿಕಾರಿ ಬೈಯಲೂ ಇಲ್ಲ. ಸರಿಮಾಡಿಕೊಂಡು ಬನ್ನಿ, ಬರುವಾಗ ಇವರನ್ನು ಕರೆದುಕೊಂಡೇ ಬನ್ನಿ ಎಂದು ಅಕ್ಕನನ್ನು ತೋರಿಸಿದರು. ಸಯನ್ನಿನಲ್ಲಿ ಕಾರಿನಿಂದ ಇಳಿಯುವಾಗ ಸಾಹೇಬರು, ಮನೆಯ ಕೊಳೆ ಬಟ್ಟೆಯನ್ನು ಹೊರಗೆ ಒಗೆಯಬಾರದಿತ್ತು ಎಂದರು. ಮನೆಯಲ್ಲಿ ಒಗೆಯಲು ಮೂರು ಸಲ ಹಾಕಿದ್ದೆ ಸಾಹೇಬರೆ, ನೀರು ಬರಲಿಲ್ಲ ಎಂದರು ಅಕ್ಕ. ನನ್ನ ಕಡೆ ನೋಡಲಿಲ್ಲ. ನಾನು ವರದಿ ಮುಚ್ಚಿದ ಸಂಗತಿಯನ್ನು ಅವರು ಸಾಹೇಬರಿಗೆ ಆಗಲೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ಮರುದಿನ ನಾನೇ ಹೋಗಿ ಹೇಳಿದೆ. ಬೈಸಿಕೊಂಡು ಹೊರಬಂದಾಗ ಅಕ್ಕ ಊಟದ ಡಬ್ಬಿ ತೆರೆಯುತ್ತಿದ್ದರು. ತಪ್ಪಾಯಿತು ಅಕ್ಕ ಎಂದೆ. ರೊಟ್ಟಿ ಮುರಿದು ಅರ್ಧ ನನ್ನ ಮುಂದಿಟ್ಟು, ಉಣ್ಣು, ಆಮೇಲೆ ತಪ್ಪು ಹುಡುಕೋಣ ಎಂದರು.

ಹುಡುಕಿದೆವು. ಎಂಬತ್ತು ಜನ ಒಟ್ಟಿಗೆ ಹಲೋ ಅಂದಾಗ ಪ್ಯಾನೆಲ್ಲು ಗಡಿಬಿಡಿಯಲ್ಲಿ ಒಮ್ಮೊಮ್ಮೆ ಒಬ್ಬನ ಹೆಸರನ್ನು ಪಟ್ಟಿಗೆ ಸೇರಿಸುವುದನ್ನು ಮರೆಯುತ್ತಿತ್ತು. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು. ಹಲೋ ಕಿವಿಗೆ ಬಿದ್ದ ಕೂಡಲೇ, ಹೆಸರು ಬರೆದುಕೊಳ್ಳುವ ಮೊದಲೇ, ಚೌಕಕ್ಕೆ ಹಸಿರು ಹಚ್ಚಿಬಿಡುವಂತೆ ನಾನು ಬರೆದಿದ್ದೆ. ಗಿರಾಕಿಗಳ ಮುಂದೆ ಪರದೆ ಬೇಗ ಹಸಿರಾದರೆ ಚೆನ್ನಾಗಿ ಕಾಣುತ್ತದೆಂದು. ಆಮೇಲೆ ಪ್ಯಾನೆಲ್ಲು ನಿಮಿಷಕ್ಕೊಮ್ಮೆ ತನ್ನ ಪಟ್ಟಿಯಲ್ಲಿರುವವರ ಕ್ಷೇಮ ವಿಚಾರಿಸುತ್ತದೆ. ಪಟ್ಟಿಯಲ್ಲೇ ಇಲ್ಲದವನನ್ನು ವಿಚಾರಿಸುವವರು ಯಾರು, ಅವನು ಗ್ಯಾಸ್ ಎಂದು ಕೂಗಿದರೂ ಕೇಳುವವರು ಯಾರು? ಹೀಗಾಗಿ ಅವನು ಸತ್ತರೂ ಹಸಿರು.

ಹೆಸರು ಬರೆದು, ಒಮ್ಮೆ ಕೇಳಿ, ಉತ್ತರ ಬಂದ ಮೇಲೆಯೇ ಹಸಿರು ಹಚ್ಚುವುದೆಂದು ಒಪ್ಪಿದೆ. ಅಲ್ಲಿಯ ತನಕ ಯಾವ ಬಣ್ಣ ಎಂಬುದು ಪ್ರಶ್ನೆ. ಕೆಂಪು ಹಚ್ಚಿದರೆ ಸುಮ್ಮಸುಮ್ಮನೆ ಜನ ಓಡುತ್ತಾರೆ. ನನ್ನ ಹತ್ತಿರ ಇದ್ದದ್ದು ಎರಡೇ ಬಣ್ಣ.

"ಗೊತ್ತಿಲ್ಲ ಅನ್ನಾಕ ಒಂದು ಬಣ್ಣ ಇಡು" ಎಂದರು ಅಕ್ಕ. "ಬೂದಿ ಬಣ್ಣ ಹಚ್ಚು."

ಸಾಹೇಬರಿಗೆ ಇದು ಸರಿಬರಲಿಲ್ಲ. ಪರದೆಯ ಮೇಲೆ ಬೂದು ಕಂಡರೆ, ಇವರ ಯಂತ್ರಕ್ಕೆ ಏನೂ ಗೊತ್ತಿಲ್ಲ ಎಂದು ಗಿರಾಕಿಗಳು ಆಡಿಕೊಳ್ಳುತ್ತಾರೆ ಎಂದರು. ಗೊತ್ತಿಲ್ಲದಾಗ ಗೊತ್ತಿದೆ ಅಂದರೆ ಏನಾಗುತ್ತದೆಂದು ನೀವೇ ನೋಡಿದಿರಲ್ಲ ಎಂದರು ಅಕ್ಕ. ವಾದ ಎರಡು ದಿನ ನಡೆದು ಬೂದು ಗೆದ್ದಿತು. ಸಂಪರ್ಕ ತಪ್ಪಿದಾಗ, ಉತ್ತರ ತಡವಾದಾಗ, ಏನೇ ಸಂದೇಹವಿದ್ದಾಗ ಬೂದು. ಎರಡು ತಿಂಗಳ ನಂತರ ಕೋಲ್ಡ್ ಸ್ಟೋರೇಜಿನ ಅಧಿಕಾರಿ ಇಪ್ಪತ್ತು ಸಲ ಸ್ವಿಚ್ ತೆಗೆಸಿ ಹಾಕಿಸಿ, ಕೊನೆಗೆ ಸಹಿ ಮಾಡಿದರು. ಬೂದು ಕಂಡರೆ ಹೋಗಿ ನೋಡಬೇಕು ಎಂದು ತಮ್ಮ ಕೆಲಸಗಾರರಿಗೆಲ್ಲ ನಿಲ್ಲಿಸಿ ಹೇಳಿದರು.

ಆಮೇಲಿನ ಒಂದು ಸಂಗತಿಯನ್ನು ಹೇಳಿ ಮುಗಿಸುತ್ತೇನೆ.

ಒಂದೂವರೆ ವರ್ಷ ಕಳೆದಿತ್ತು. ಒಂದು ಮಧ್ಯಾಹ್ನ ಆ ಅಧಿಕಾರಿಯ ಫೋನು ಸಾಹೇಬರಿಗೆ ಬಂತು. ಬೆಳಿಗ್ಗೆ ಅಲ್ಲಿ ಒಂದು ಚೌಕ ಬೂದಾಗಿತ್ತಂತೆ. ಒಬ್ಬ ಕೆಲಸಗಾರ ನೋಡಲು ಹೋದನಂತೆ. ಕಂಬದ ಹಿಂದೆ ಒಂದು ವಾಲ್ವಿನಿಂದ ಅಮೋನಿಯಾ ಸಣ್ಣಗೆ ಸೋರುತ್ತಿತ್ತು. ಸೆನ್ಸರು ಅಲ್ಲಿಂದ ದೂರದಲ್ಲಿದ್ದದ್ದರಿಂದ ಅದರ ಮೂಗಿಗೆ ವಾಸನೆ ತಲುಪಿರಲಿಲ್ಲ. ಆದರೆ ಅದರ ತಂತಿಯ ಜೋಡಣೆ ಕಂಬದ ಹತ್ತಿರವೇ ಇತ್ತು. ಗ್ಯಾಸು ತಗುಲಿ ತಗುಲಿ ತಾಮ್ರಕ್ಕೆ ಕಿಲುಬು ಹಿಡಿದು ಸಂಪರ್ಕ ಕಡಿದಿತ್ತು. ಯಂತ್ರಕ್ಕೆ ಸೋರಿಕೆ ಗೊತ್ತಾಗಿರಲಿಲ್ಲ, ತನಗೆ ಗೊತ್ತಿಲ್ಲ ಎಂಬುದಷ್ಟೇ ಗೊತ್ತಿತ್ತು. ಕೂಡಲೇ ಎಲ್ಲರನ್ನೂ ಹೊರಗೆ ಕಳಿಸಿ ವಾಲ್ವು ಬದಲಿಸಿದರು. ಯಾರಿಗೂ ಏನೂ ಆಗಲಿಲ್ಲ. ಇನ್ನೊಂದು ವಾರ ಬಿಟ್ಟಿದ್ದರೆ ವಾಲ್ವು ಪೂರ್ತಿ ಕಿತ್ತುಹೋಗುತ್ತಿತ್ತು ಎಂದು ರಿಪೇರಿಯವರು ಹೇಳಿದರಂತೆ.

ಸಾಹೇಬರು ಪೇಡೆ ತರಿಸಿದರು. ಇಡೀ ಆಫೀಸನ್ನು ಕರೆದು, ಬೂದು ಬಣ್ಣ ಯಾರ ಐಡಿಯಾ ಎಂದು ಕೇಳಿ, ತಾವೇ ಅಕ್ಕನ ಹೆಸರು ಹೇಳಿ ಚಪ್ಪಾಳೆ ತಟ್ಟಿದರು. ಬೂದು ಬಣ್ಣದ ವಿರುದ್ಧ ಎರಡು ದಿನ ವಾದ ಮಾಡಿದ್ದು ಅವರಿಗೆ ಪೂರ್ತಿ ಮರೆತಿತ್ತು. ಅಕ್ಕ ಪೇಡೆಯನ್ನು ಕೈಯಲ್ಲಿ ಹಿಡಿದುಕೊಂಡೇ, ನೋಡಲು ಹೋದವರು ಯಾರು ಎಂದು ಕೇಳಿದರು. ಸಾಹೇಬರಿಗೆ ಗೊತ್ತಿರಲಿಲ್ಲ, ಯಾರೋ ಲೇಬರ್ ಇರಬೇಕು ಎಂದರು. ಅಕ್ಕ ಆ ಪೇಡೆಯನ್ನು ಕಾಗದದಲ್ಲಿ ಸುತ್ತಿಟ್ಟು ಅಧಿಕಾರಿಗೆ ಫೋನು ಮಾಡಿ ಹೆಸರು, ನಂಬರು ಬರೆದುಕೊಂಡರು. ಯಾದಗಿರಿ ಕಡೆಯವನು ಎಂದೂ ತಿಳಿಯಿತು. ಕೂಡಲೇ ಅವನಿಗೆ ಫೋನು ಹಚ್ಚಿದರು.

ಅದೊಂದು ಫೋನು ನಾನು ಮರೆಯುವುದಿಲ್ಲ. ಆಪರೇಟರ್ ಕಾಲದ ಅವರ ಧ್ವನಿಯನ್ನು ನಾನು ಮೊದಲು ಕೇಳಿದ್ದು ಅವತ್ತೇ. ಊಟ ಆಯಿತೇ, ಕಣ್ಣು ಉರಿ ಕಡಿಮೆ ಆಯಿತೇ, ಊರಲ್ಲಿ ಯಾರಿದ್ದಾರೆ ಎಂದು ಒಂದೊಂದೇ ವಿಚಾರಿಸಿದರು. ಮಾತಿಗಿಂತ ಕೇಳಿಸಿಕೊಂಡದ್ದೇ ಹೆಚ್ಚು. ಇಟ್ಟ ಮೇಲೆ ನನಗೆ ಹೇಳಿದರು. ಬೆಳಗಿನ ತಿಂಡಿಗೆ ಕೂರುವ ಹೊತ್ತಾಗಿತ್ತಂತೆ. ಆ ಡಬ್ಬಿ ಮತ್ತೆ ಕೆಟ್ಟಿರಬೇಕು, ತಿಂದು ನೋಡೋಣ ಬಿಡು ಎಂದು ಜೊತೆಯವರು ಹೇಳಿದರಂತೆ. ಕಂಬದ ಹತ್ತಿರ ಹೋಗುತ್ತಲೇ ವಾಸನೆ ಮುಖಕ್ಕೆ ಬಡಿಯಿತಂತೆ. ಟವೆಲ್ಲು ಮೂಗಿಗೆ ಒತ್ತಿಕೊಂಡು, ಎಲ್ಲಿಂದ ಬರುತ್ತಿದೆ ಎಂದು ಕಂಡುಕೊಂಡೇ ಹಿಂದೆ ಓಡಿದನಂತೆ.

"ಅಂಜಿಕಿ ಬಂದಿತ್ತಂತ ತಮ್ಮಾ. ಅಂಜಕೋಂತನ ಹೋಗ್ಯಾನ."

ಮರುದಿನ ಅವರು ಅರ್ಧ ದಿನ ರಜೆ ಹಾಕಿದರು. ಎಲ್ಲಿಗೆ ಎಂದು ತಿಳಿದು ನಾನೂ ಹಾಕಿದೆ. ಬಸ್ಸಿನಲ್ಲಿ ಚೆಂಬೂರು, ಅಲ್ಲಿಂದ ರಿಕ್ಷಾ. ಅವರ ಮಡಿಲಲ್ಲಿ ಒಂದು ಹೊಸ ಪೇಡೆಯ ಡಬ್ಬಿ. ಗೇಟಿನ ಹತ್ತಿರ ಕಾವಲುಗಾರನಿಗೆ ಹೇಳಿ ಕಳಿಸಿ ನಿಂತೆವು. ಸ್ವಲ್ಪ ಹೊತ್ತಿನಲ್ಲಿ ಅವನು ಕೈ ಒರೆಸಿಕೊಳ್ಳುತ್ತ ಬಂದ. ಮೂವತ್ತೈದರ ಆಸುಪಾಸಿನ, ತೆಳ್ಳಗಿನ ಆಳು. ಕಣ್ಣು ಇನ್ನೂ ಕೆಂಪಗಿದ್ದವು. ಯಂತ್ರದ ಕಂಪನಿಯವರು ಬಂದಿದ್ದಾರೆ ಎಂದಷ್ಟೇ ಅವನಿಗೆ ಗೊತ್ತಿತ್ತು. ಏನೋ ತಪಾಸಣೆ ಇರಬೇಕೆಂದು ಗಾಬರಿಯಾಗಿದ್ದ.

"ಈಗ ಎಲ್ಲಾ ಬರೋಬರಿ ಅದರಿ ಬಾಯಾರ" ಎಂದ. "ವಾಲ್ ಬದಲಿ ಮಾಡ್ಯಾರ. ಡಬ್ಬಿನೂ ಹಸಿರ ಆಗ್ಯಾದ."

ಅಕ್ಕ ಪೇಡೆಯ ಡಬ್ಬಿಯನ್ನು ಎರಡೂ ಕೈಯಲ್ಲಿ ಅವನ ಮುಂದೆ ಹಿಡಿದರು.

"ಡಬ್ಬಿ ನೋಡಾಕ ಬಂದಿಲ್ರಿ. ನಿಮ್ಮನ್ನ ನೋಡಾಕ ಬಂದೇನಿ."